ಶ್ರಾವಣಕ್ಕೆ ಹೋಗಿ ಬಂದ ಲ್ಯಾಪ್‌ಟಾಪ್

ತಂತ್ರಾಂಶ ಕೆಟ್ಟರೆ ನನಗೆ ಭಯವಿಲ್ಲ. ಏನು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಹೇಗಾದರೂ ದಾರಿ ಹುಡುಕಬಹುದು. ಬಾಯಿಬಿಡದೆ ಸುಮ್ಮನೆ ಕೂತುಬಿಡುವುದನ್ನು ಕಂಡರೆ ಮಾತ್ರ ನನ್ನ ಮೈಯೆಲ್ಲ ಉರಿಯುತ್ತದೆ. ಕೋಲಾರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಆಷಾಢದ ಒಂದು ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಕೂತದ್ದು ಅಂಥದ್ದೇ ಒಂದು.

ತಂದವಳು ನಮ್ಮ ಅರ್ಥಶಾಸ್ತ್ರ ವಿಭಾಗದ ಅತಿಥಿ ಉಪನ್ಯಾಸಕಿ. ಶ್ರೀನಿವಾಸಪುರದಲ್ಲಿ ಹುಟ್ಟಿ, ಹುತ್ತೂರು ಕಡೆಯ ರೇಷ್ಮೆ ಸಾಕುವ ಮನೆಗೆ ಸೊಸೆಯಾಗಿ ಬಂದವಳು. ರೇಷ್ಮೆ ಮನೆಗಳಲ್ಲಿ ಹೆಂಗಸರ ದುಡಿಮೆ ಎಷ್ಟು, ಬಿಡುವು ಎಷ್ಟು ಎನ್ನುವುದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದಳು. ಪಾಠ, ಮನೆಗೆಲಸ, ಹುಳದ ಮನೆ, ಅದರ ಮೇಲೆ ಈ ಬರವಣಿಗೆ. ಬಿಡುವಿನ ಬಗ್ಗೆ ಬರೆಯುತ್ತಿರುವವಳಿಗೇ ಬಿಡುವಿಲ್ಲ ಎಂದು ನಾನು ಆಗಾಗ ರೇಗಿಸುತ್ತಿದ್ದೆ.

"ಮೇಡಂ, ಇದು ಓಪನ್ನೇ ಆಗ್ತಿಲ್ಲ," ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಏನ್ ಹೇಳುತ್ತೆ?"

"ಏನೂ ಹೇಳಲ್ಲ ಮೇಡಂ. ಅದೇ ತೊಂದ್ರೆ."

ಅವಳು ತೋರಿಸಿದ್ದು ಉಲ್ಲೇಖಗಳನ್ನು ನಿರ್ವಹಿಸುವ ತಂತ್ರಾಂಶ. ಓದಿದ ಪುಸ್ತಕ, ಲೇಖನಗಳ ವಿವರವನ್ನೆಲ್ಲ ಒಂದು ಕಡೆ ಕೂಡಿಟ್ಟುಕೊಂಡು, ಪ್ರಬಂಧದಲ್ಲಿ ಬೇಕಾದ ಜಾಗದಲ್ಲಿ ಉಲ್ಲೇಖ ಹಾಕಿ, ಕೊನೆಯ ಗ್ರಂಥಸೂಚಿಯನ್ನೂ ತಾನೇ ಕಟ್ಟಿಕೊಡುತ್ತದೆ. ಅದರ ಐಕಾನ್ ಚಿತ್ರದ ಮೇಲೆ ಒತ್ತಿದೆ. ಸುತ್ತುವ ಗೆರೆಯೊಂದು ಬಂತು, ಸ್ವಲ್ಪ ಹೊತ್ತು ಸುತ್ತಿತು, ಹೋಯಿತು. ಕಿಟಕಿಯೂ ತೆರೆಯಲಿಲ್ಲ, ತಪ್ಪಿನ ಸೂಚನೆಯೂ ಬರಲಿಲ್ಲ.

ಸೋಮವಾರ ಸಂಜೆಯೊಳಗೆ ಪ್ರಬಂಧ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಬೇಕಿತ್ತು. ಹೆಚ್ಚುವರಿ ಅವಧಿಯನ್ನು ಅವಳು ಆಗಲೇ ಪಡೆದು ಮುಗಿಸಿದ್ದಳು. ಇದು ತಪ್ಪಿದರೆ ನೋಂದಣಿಯೇ ರದ್ದಾಗಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಕೈಯಲ್ಲೇ ಟೈಪ್ ಮಾಡಿ ಮುಗಿಸೋಣವೆಂದರೆ, ಹೆಸರು ಮತ್ತು ವರ್ಷ ಹಾಕಿದ್ದ ಉಲ್ಲೇಖಗಳನ್ನೆಲ್ಲ ತೆಗೆದು ಅಂಕಿ ಹಾಕಿ ಎಂದು ಮಾರ್ಗದರ್ಶಕರು ಕೊನೆಯ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರು. ನೂರಾರು ಉಲ್ಲೇಖ. ಒಂದು ಅಂಕಿ ತಪ್ಪಿದರೆ ಅದರ ಮುಂದಿನವೆಲ್ಲ ತಪ್ಪು. ತಂತ್ರಾಂಶ ತೆರೆದರೆ ಮಾತ್ರ ಆಗುವ ಕೆಲಸ ಅದು.

"ನೀನೇನಾದ್ರೂ ಮಾಡಿದ್ಯಾ ಇದಕ್ಕೆ?"

"ಇಲ್ಲ ಮೇಡಂ, ಏನೂ ಮಾಡಿಲ್ಲ."

ಈ ಮಾತನ್ನು ನಾನು ದಿನವೂ ಕೇಳುತ್ತೇನೆ. ನಂಬುವ ಅಭ್ಯಾಸ ಬಿಟ್ಟು ಬಹಳ ಕಾಲವಾಯಿತು. ಆದರೆ ಹುಡುಗಿಯ ಮುಖ ಬಾಡಿಹೋಗಿತ್ತು, ಕಣ್ಣು ಒಳಗಿಳಿದಿದ್ದವು. ಹೆಚ್ಚು ಕೆದಕದೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡೆ.

ಇಂಥ ಕೆಲಸದಲ್ಲಿ ನನ್ನದೊಂದು ಕಟ್ಟುನಿಟ್ಟು ಇದೆ: ನಕಲು ತೆಗೆಯದೆ ಏನನ್ನೂ ಮುಟ್ಟುವುದಿಲ್ಲ. ಪ್ರಬಂಧವನ್ನೂ ಉಲ್ಲೇಖಗಳ ಸಂಗ್ರಹವನ್ನೂ ಬೇರೊಂದು ಡಿಸ್ಕಿಗೆ ಇಳಿಸಿದೆ. ಆಮೇಲೆ ಒಂದೊಂದೇ ನೋಡುತ್ತ ಹೋದೆ. ತಂತ್ರಾಂಶ ಹಿನ್ನೆಲೆಯಲ್ಲಿ ಅರೆಜೀವವಾಗಿ ಓಡುತ್ತಿದೆಯೇ? ಇಲ್ಲ, ಒತ್ತಿದಾಗ ಹೆಸರು ಬಂದು ಮರುಗಳಿಗೆ ಮಾಯವಾಗುತ್ತಿತ್ತು. ವೈರಸ್ ತಡೆಯುವ ತಂತ್ರಾಂಶ ಇದನ್ನು ಅಡ್ಡಗಟ್ಟುತ್ತಿದೆಯೇ? ಅದನ್ನು ನಿಲ್ಲಿಸಿ ನೋಡಿದೆ, ಇಲ್ಲ. ಸಂಗ್ರಹವೇ ಹಾಳಾಗಿರಬಹುದೆಂದು ಅದನ್ನು ಪಕ್ಕಕ್ಕಿಟ್ಟು ಬರೀ ತಂತ್ರಾಂಶವನ್ನು ತೆರೆಯಲು ನೋಡಿದೆ. ಆಗಲೂ ಇಲ್ಲ. ಇದರಿಂದ ಒಂದು ಸಮಾಧಾನ ಮಾತ್ರ ಸಿಕ್ಕಿತು: ಕೆಟ್ಟಿರುವುದು ಅವಳ ಸಂಗ್ರಹವಲ್ಲ.

ಮಧ್ಯಾಹ್ನದ ಮೇಲೆ ತಂತ್ರಾಂಶವನ್ನು ಕಿತ್ತುಹಾಕಿ ಹೊಸದಾಗಿ ಹಾಕಿದೆ. ಸುತ್ತುವ ಗೆರೆ ಬಂತು, ಹೋಯಿತು. ನನಗೆ ಎಲ್ಲಿಲ್ಲದ ಕೋಪ ಬಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದೆ. ಓದುತ್ತಿದ್ದ ಹುಡುಗರು ತಲೆಯೆತ್ತಿ ನೋಡಿದರು. ಗ್ರಂಥಾಲಯದಲ್ಲಿ ಸದ್ದು ಮಾಡಬೇಡಿ ಎಂದು ದಿನಾ ಬೈಯುವವಳು ನಾನೇ.

ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಕೆಲಸ ಮುಗಿಸೋಣವೆಂದರೆ ಅವೆಲ್ಲ ಹಳೆಯವು, ಈ ತಂತ್ರಾಂಶ ಅವುಗಳಿಗೆ ಒಗ್ಗುವುದಿಲ್ಲ. ಶುಕ್ರವಾರ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಪರವಾನಗಿ ವಿಶ್ವವಿದ್ಯಾಲಯದ ಹೆಸರಿನಲ್ಲಿದೆ, ಕೋರಿಕೆ ಅವರ ಮೂಲಕವೇ ಬರಬೇಕು, ಬಂದ ಮೇಲೆ ಒಂದು ವಾರ ಹಿಡಿಯುತ್ತದೆ ಎಂದರು. ಅತ್ತ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದ್ದರಿಂದ ನನಗೆ ಜಗಳವಾಡುವುದಕ್ಕೂ ಆಗಲಿಲ್ಲ.

ನಮ್ಮ ಕಂಪ್ಯೂಟರ್ ಲ್ಯಾಬಿನ ಸಹಾಯಕ ಬಂದು ನಿಂತು ನೋಡಿದ. "ಫಾರ್ಮ್ಯಾಟ್ ಹೊಡ್ದುಬಿಡಿ ಮೇಡಂ, ಎಲ್ಲಾ ಸರಿಹೋಗುತ್ತೆ," ಎಂದ. ಅವನಿಗೆ ತಲೆನೋವಿಗೂ ಕಾಲುನೋವಿಗೂ ಅದೊಂದೇ ಔಷಧಿ. ಫಾರ್ಮ್ಯಾಟ್ ಮಾಡಿದರೆ ಪರವಾನಗಿಯೂ ಅಳಿಸಿಹೋಗುತ್ತದೆ, ಅದನ್ನು ಮತ್ತೆ ಪಡೆಯಲು ಅದೇ ಒಂದು ವಾರ ಕಾಯಬೇಕು. ಬೇಡಪ್ಪಾ ಎಂದು ಕೈಮುಗಿದು ಕಳಿಸಿದೆ.

ಅವತ್ತು ಸಂಜೆ ಹುಡುಗಿ ಬಸ್ಸಿಗೆ ಹೊರಡುವಾಗ, "ಆಗದಿದ್ರೆ ಬಿಡಿ ಮೇಡಂ. ನೀವಾದ್ರೂ ಎಷ್ಟು ಅಂತ ಒದ್ದಾಡ್ತೀರಾ," ಎಂದಳು. ಅಳದೆ ಹೇಳಿದಳು. ನಾಳೆ ಬೆಳಿಗ್ಗೆ ಬೇಗ ಬಾ ಎಂದಷ್ಟೇ ಹೇಳಿದೆ.

ಶನಿವಾರ ಬೆಳಿಗ್ಗೆ ಮೊದಲು ಮಾಡಿದ್ದು ಹೊಸದಾಗಿ ನಕಲು ತೆಗೆಯುವ ಕೆಲಸ. ಹಿಂದಿನ ರಾತ್ರಿ ಅವಳು ಪ್ರಬಂಧದಲ್ಲಿ ಒಂದೆರಡು ಸಾಲು ತಿದ್ದಿದ್ದಳಂತೆ. ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿಯಲು 'ಅಂತಿಮ' ಎಂದು ಹೆಸರಿಟ್ಟಿದ್ದ ಕಡತದ ವಿವರ ತೆರೆದೆ. ತಿದ್ದಿದ ದಿನ: ನಿನ್ನೆ. ಸರಿ. ಸೃಷ್ಟಿಯಾದ ದಿನ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದು ಮುಂದಿನ ತಿಂಗಳ ಒಂದು ಶುಕ್ರವಾರ! ಹುಟ್ಟುವುದಕ್ಕೆ ಮುಂಚೆಯೇ ತಿದ್ದಿಸಿಕೊಂಡ ಕಡತವನ್ನು ನಾನು ಅದೇ ಮೊದಲು ನೋಡಿದ್ದು.

ಒಳಗಿನ ಗಡಿಯಾರದ ಬ್ಯಾಟರಿ ಸತ್ತಿರಬೇಕು ಎಂದುಕೊಂಡೆ. ಆದರೆ ಬ್ಯಾಟರಿ ಸತ್ತ ಯಂತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆಯೇ ಹೊರತು ಮುಂದಿನ ತಿಂಗಳಿಗೆ ಹೋಗುವುದಿಲ್ಲ. ವೈರಸ್ ಇರಬಹುದೇ ಎಂದೂ ಅನುಮಾನ ಬಂತು. ಏಕೋ ಏನೋ, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆ ಮೇಲೆತ್ತಿ ಆ ತಾರೀಖು ಹುಡುಕಿದೆ. ಶ್ರಾವಣ ಶುಕ್ರವಾರ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಶುಭದಿನ' ಎಂದಿತ್ತು.

ಯಾವ ವೈರಸ್ ತಾನೇ ಪಂಚಾಂಗ ನೋಡಿ ದಿನ ಆರಿಸುತ್ತೆ?

ಹಾಳೆಯನ್ನು ಹಾಗೇ ಎತ್ತಿ ಹಿಡಿದು ಅವಳ ಕಡೆ ತಿರುಗಿದೆ. "ಏನೂ ಮಾಡಿಲ್ಲ ಅಂದ್ಯಲ್ಲ. ಈ ಶುಕ್ರವಾರ ಏನ್ ಮಾಡ್ದೆ ಹೇಳು."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಕಿವಿಯವರೆಗೂ ಕೆಂಪಾದಳು.

"ಅದೂ... ತಂತ್ರಾಂಶಕ್ಕೆ ಏನೂ ಮಾಡಿಲ್ಲ ಮೇಡಂ. ಡೇಟ್ ಮಾತ್ರ..."

ವಿಷಯ ಇಷ್ಟು. ಅಧ್ಯಾಯಗಳನ್ನೆಲ್ಲ ಒಂದೇ ಕಡತಕ್ಕೆ ಸೇರಿಸಿ ಅಂತಿಮ ಪ್ರತಿ ಶುರುಮಾಡುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದಾಗ ಅತ್ತೆ, "ಆಷಾಢದಲ್ಲಿ ಏನೂ ಶುರು ಮಾಡ್ಬೇಡಮ್ಮ, ಶ್ರಾವಣ ಬರ್ಲಿ," ಎಂದಿದ್ದರು. ಈ ಓದಿಗೆ ಯಾವತ್ತೂ ಅಡ್ಡಬಾರದ ಅತ್ತೆ. ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇತ್ತ ವಿಶ್ವವಿದ್ಯಾಲಯದವರು ಶ್ರಾವಣದವರೆಗೆ ಕಾಯುವವರಲ್ಲ. ಹುಡುಗಿ ಯೋಚನೆ ಮಾಡಿ, ಲ್ಯಾಪ್‌ಟಾಪಿನ ತಾರೀಖನ್ನು ಶ್ರಾವಣ ಶುಕ್ರವಾರಕ್ಕೆ ಒಯ್ದು, ಅಲ್ಲಿ ಹೊಸ ಕಡತ ತೆರೆದು, ಶೀರ್ಷಿಕೆ ಬರೆದು, ಉಲ್ಲೇಖದ ತಂತ್ರಾಂಶದಿಂದ ಒಂದು ಉಲ್ಲೇಖವನ್ನೂ ಹಾಕಿ, ಮತ್ತೆ ಅವತ್ತಿನ ನಿಜ ತಾರೀಖಿಗೆ ಬಂದುಬಿಟ್ಟಿದ್ದಳು.

"ಅತ್ತೆ ಮಾತು ಮೀರಿದ ಹಾಗೂ ಆಗಲ್ಲ, ಕೆಲಸಾನೂ ನಿಲ್ಲಲ್ಲ ಅಂತ..." ಎಂದು ತಲೆ ತಗ್ಗಿಸಿದಳು.

ನಗು ಉಕ್ಕಿ ಬಂತು. ಆದರೆ ನಾನೂ ಮಂಗಳವಾರ ಹೊಸ ಸೀರೆ ಉಡುವವಳಲ್ಲ. ಯಾವ ಬಾಯಲ್ಲಿ ನಗಲಿ? ಜೊತೆಗೆ ಮೂರು ದಿನದಿಂದ ತಲೆ ತಿಂದಿದ್ದ ಗಂಟು ಬಿಚ್ಚಿಕೊಂಡಿತ್ತು. ಆ ಖುಷಿಯಲ್ಲಿ ಅವಳ ಬೆನ್ನಿಗೊಂದು ಗುದ್ದಿದೆ.

ಇಂಥ ಪರವಾನಗಿಗೆ ಇಂತಿಷ್ಟು ಕಾಲ ಎಂಬ ಮಿತಿ ಇರುತ್ತದೆ. ಅದು ಮುಗಿದ ಮೇಲೂ ಬಳಸಲು ಕೆಲವರು ತಾರೀಖನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅದಕ್ಕೇ ಕೆಲವು ತಂತ್ರಾಂಶಗಳು ತಾವು ಕೊನೆಯ ಸಲ ಓಡಿದ ದಿನವನ್ನು ಯಂತ್ರದ ಮೂಲೆಯಲ್ಲೆಲ್ಲೋ ಗುರುತು ಹಾಕಿಕೊಳ್ಳುತ್ತವೆ. ಕಿತ್ತು ಮತ್ತೆ ಹಾಕಿದರೂ ಆ ಗುರುತು ಹೋಗುವುದಿಲ್ಲ. ಇವಳ ತಂತ್ರಾಂಶ ಶ್ರಾವಣದಲ್ಲಿ ಓಡಿ ಬಂದಿತ್ತು. ಈಗ ಆಷಾಢ ಎಂದರೆ ಅದು ಮೋಸ ಎಂದು ತಿಳಿದು ಬಾಯಿಗೆ ಬೀಗ ಹಾಕಿಕೊಂಡಿತ್ತು. ಸುಮ್ಮನೆ ಬಿಟ್ಟರೆ ಶ್ರಾವಣ ಶುಕ್ರವಾರ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಅತ್ತೆಯ ಮಾತನ್ನು ಸೊಸೆಗಿಂತ ಚೆನ್ನಾಗಿ ಕೇಳಿದ್ದು ಅದೇ.

ದಾರಿ ಒಂದೇ ಉಳಿದಿತ್ತು: ಲ್ಯಾಪ್‌ಟಾಪನ್ನು ಮತ್ತೆ ಶ್ರಾವಣಕ್ಕೆ ಕರೆದುಕೊಂಡು ಹೋಗುವುದು. ಪರವಾನಗಿ ಇನ್ನೂ ಚಾಲ್ತಿಯಲ್ಲಿತ್ತು, ನಾವು ಏನನ್ನೂ ಕದಿಯುತ್ತಿರಲಿಲ್ಲ. ಸಹಾಯವಾಣಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದೆ, ಆಮೇಲೆ ಕೈಹಾಕಿದೆ. ತಾರೀಖನ್ನು ಬೇಕಾಬಿಟ್ಟಿ ಮುಂದಕ್ಕೆ ಒಯ್ದರೆ ಗುರುತೂ ಮುಂದಕ್ಕೆ ಹೋಗಿ ಬೀಗ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಅದೇ ಶುಕ್ರವಾರ, ಅವಳು ಅಂದು ಕೆಲಸ ನಿಲ್ಲಿಸಿದ ಹೊತ್ತಿಗಿಂತ ಸ್ವಲ್ಪವೇ ಮುಂದೆ ಇಟ್ಟೆ. ಒತ್ತಿದೆ. ಗೆರೆ ಸುತ್ತಿತು. ಸುತ್ತಿತು. ಕಿಟಕಿ ಅಗಲವಾಗಿ ತೆರೆದುಕೊಂಡು ಅವಳ ಉಲ್ಲೇಖಗಳೆಲ್ಲ ಸಾಲಾಗಿ ಬಂದು ನಿಂತವು.

"ಬಂತು ಮೇಡಂ!" ಎಂದು ಅವಳು ಕಿರುಚಿದಳು. ಓದುತ್ತಿದ್ದ ಹುಡುಗರು ಮತ್ತೆ ತಲೆಯೆತ್ತಿದರು. ಈ ಸಲ ನಾನು ಅವಳನ್ನು ಬೈಯಲಿಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಚೀಲ, ಸೆರಗಿನಲ್ಲಿ ಅಲ್ಲಲ್ಲಿ ರೇಷ್ಮೆಯ ಎಳೆ. ಹುಡುಗಿ ಧಡಕ್ಕನೆ ಎದ್ದು ನಿಂತಳು. ಅತ್ತೆ!

"ಗೂಡು ಮಾರ್ಕೆಟ್ಟಿಗೆ ಬಂದಿದ್ದೆ ಮೇಡಮ್ಮೋರೇ. ಹಂಗೇ ಇವ್ಳನ್ನೂ ಕರ್ಕೊಂಡು ಹೋಗಾಣ ಅಂತ," ಎಂದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಇನ್ನೂ ಹೊತ್ತಾಗುತ್ತದೆ, ಕೂತ್ಕೊಳ್ಳಿ ಎಂದು ಕುರ್ಚಿ ಕೊಟ್ಟೆ. "ಸರೇ, ನಿದಾನಕ್ಕೆ ಆಗ್ಲಿ," ಎಂದು ಸೊಸೆಯ ಪಕ್ಕದಲ್ಲೇ ಕೂತರು.

ಅಲ್ಲಿಂದ ಮುಂದೆ ನಮ್ಮದು ಪಿಸುಮಾತು. ಪರದೆಯ ಮೂಲೆಯಲ್ಲಿ ಕಾಣುವ ತಾರೀಖಿಗೆ ಹುಡುಗಿ ಅಂಗೈ ಅಡ್ಡ ಇಟ್ಟುಕೊಂಡು ಒಂದೇ ಕೈಯಲ್ಲಿ ಕೆಲಸ ಮಾಡತೊಡಗಿದಳು. ಉಲ್ಲೇಖದ ಶೈಲಿ ಬದಲಾಯಿಸಿದೆವು. ಹೆಸರು, ವರ್ಷಗಳೆಲ್ಲ ಅಂಕಿಗಳಾಗತೊಡಗಿದವು. ಗ್ರಂಥಸೂಚಿಯ ಮಾದರಿ ನೋಡಲೆಂದು ಅವಳು ವಿಶ್ವವಿದ್ಯಾಲಯದ ತಾಣ ತೆರೆದಳು. ನಿಮ್ಮ ಗಡಿಯಾರ ಮುಂದಿದೆ, ಸರಿಪಡಿಸಿಕೊಳ್ಳಿ ಎಂದು ತಾಣ ಹೇಳಿತು. ಹೇಳಿದ ಮಾತು ಕೇಳುವ ಹುಡುಗಿ, ಸರಿಪಡಿಸಿಯೇ ಬಿಟ್ಟಳು!

ತಂತ್ರಾಂಶ ಫಕ್ಕನೆ ಮುಚ್ಚಿಕೊಂಡಿತು.

"ಅಯ್ಯೋ! ಏನ್ ಮಾಡ್ದೆ ಮಾರಾಯ್ತಿ!" ಪಿಸುಮಾತು ಮರೆತೇ ಹೋಯಿತು.

ಇಂಟರ್ನೆಟ್ ಕಿತ್ತುಹಾಕಿ, ತಾರೀಖು ತಾನಾಗಿ ಸರಿಹೋಗುವ ಗುಂಡಿಯನ್ನೂ ಆಫ್ ಮಾಡಿ, ಮತ್ತೆ ಶ್ರಾವಣಕ್ಕೆ ಹೋದೆವು. ಪುಣ್ಯಕ್ಕೆ ತೆರೆಯಿತು. ಅಂಕಿಗಳು ಅರ್ಧಕ್ಕೇ ನಿಂತಿದ್ದವು, ಪಕ್ಕಕ್ಕಿಟ್ಟಿದ್ದ ನಕಲಿನಿಂದ ಮತ್ತೆ ಮೊದಲಿಂದ ಮಾಡಿದೆವು. ಕೊನೆಗೆ ಗ್ರಂಥಸೂಚಿ ಸರಸರನೆ ಇಳಿದು ಬಂತು. ಇಬ್ಬರೂ ಕೂತು ಅಂಕಿ ಅಂಕಿಯನ್ನೂ ತಾಳೆ ನೋಡಿದೆವು. ಸಂಗ್ರಹವನ್ನೆಲ್ಲ ಯಾವ ತಂತ್ರಾಂಶದಲ್ಲಾದರೂ ತೆರೆಯುವ ಸಾದಾ ರೂಪದಲ್ಲಿ ಹೊರತೆಗೆದೆ. ಪ್ರಬಂಧದ ಒಂದು ಪ್ರತಿಯಲ್ಲಿ ಉಲ್ಲೇಖಗಳನ್ನು ಬರೀ ಅಕ್ಷರಗಳನ್ನಾಗಿ ಮಾಡಿದೆ. ಇನ್ನು ಆ ತಂತ್ರಾಂಶ ತೆರೆದರೂ ಒಂದೇ, ಬಿಟ್ಟರೂ ಒಂದೇ.

"ಈಗ ಇವತ್ತಿನ ತಾರೀಖಿಗೆ ಬಂದು ಪಿಡಿಎಫ್ ಮಾಡು, ಏರಿಸು," ಎಂದೆ.

ಅವಳ ಕೈ ನಿಂತಿತು. "ಪಿಡಿಎಫ್ ಶ್ರಾವಣದಲ್ಲೇ ಮಾಡಿದ್ರೆ ಆಗಲ್ವಾ ಮೇಡಂ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಆಗುವುದಿಲ್ಲ ಎಂದೆ. ಇನ್ನೂ ಬರದಿರುವ ದಿನ ಹುಟ್ಟಿದ ಪ್ರಬಂಧವನ್ನು ಯಾರಾದರೂ ತೆರೆದು ನೋಡಿ ಪ್ರಶ್ನೆ ಎತ್ತಿದರೆ ಏನು ಉತ್ತರ ಕೊಡುತ್ತೀಯ? ತಂತ್ರಾಂಶ ತೆರೆಯಲು ಗಡಿಯಾರ ತಿರುಗಿಸಿದ್ದು ಬೇರೆ, ಒಪ್ಪಿಸುವ ಪ್ರಬಂಧಕ್ಕೇ ಸುಳ್ಳು ತಾರೀಖು ಹಾಕುವುದು ಬೇರೆ. ಇದರಲ್ಲಿ ನಾನು ಒಂದು ಇಂಚೂ ಸಡಿಲ ಬಿಡಲಿಲ್ಲ. ಆದರೆ ಇವತ್ತಿನ ದಿನ ಎಂದರೆ ಆಷಾಢ. ಹುಡುಗಿ ಪರದೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು. ಮೂರು ದಿನ ಅಳದವಳು!

"ಏಮಮ್ಮಾ, ಏನಾಯ್ತು?" ಅತ್ತೆ ಗಾಬರಿಯಾಗಿ ಮುಂದಕ್ಕೆ ಬಗ್ಗಿದರು.

ಅವಳು ಎಲ್ಲವನ್ನೂ ಹೇಳಿಬಿಟ್ಟಳು. ತಾರೀಖು ತಿರುಗಿಸಿದ್ದು, ತಂತ್ರಾಂಶ ಮುನಿಸಿಕೊಂಡಿದ್ದು, ಈಗ ಕೂತಿರುವುದೂ ಕಳ್ಳ ಶ್ರಾವಣದಲ್ಲೇ ಎಂಬುದು. ಅತ್ತೆ ಪರದೆಯನ್ನು ಒಂದು ಗಳಿಗೆ ನೋಡಿದರು.

"ಅಯ್ಯೋ ದ್ಯಾವ್ರೇ! ಈ ಪೆಟ್ಗೇನ ಶ್ರಾವಣಕ್ಕೆ ಕಳ್ಸಿದ್ಯಾ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ನಗು ನಿಲ್ಲಲು ಸ್ವಲ್ಪ ಹೊತ್ತೇ ಹಿಡಿಯಿತು. "ನಮ್ಮನೇಲಿ ಆಷಾಢದಲ್ಲಿ ಮರಿಹುಳ ತರಲ್ವಾ? ಇವತ್ತು ಮಾರಿದ ಗೂಡು ಯಾವ್ ತಿಂಗಳ್ದು? ಹುಳ ಏನು ಪಂಚಾಂಗ ನೋಡ್ತೈತಾ?"

"ಮತ್ತೆ ನೀವೇ ಅಂದ್ರಲ್ಲ ಅತ್ತೆ, ಶ್ರಾವಣ ಬರ್ಲಿ ಅಂತ."

ಅತ್ತೆಯ ನಗು ನಿಂತಿತು. ಸೊಸೆಯ ಕೆನ್ನೆಯನ್ನು ಕೈಯಿಂದ ಒರೆಸಿದರು.

"ನಿನ್ ಮುಖ ನೋಡ್ಕೊಂಡಿದ್ದೀಯೇನೇ ಕನ್ನಡೀಲಿ? ಮುದ್ದೆ ಮುರೀತಾ ಮುರೀತಾ ತಟ್ಟೆ ಮುಂದೇನೇ ತೂಕಡಿಸ್ತಿದ್ದೆ. ಮಲ್ಕೋ ಮಲ್ಕೋ ಅಂತ ಎಷ್ಟ್ ಸಲ ಅಂದೆ? ಕೇಳಿದ್ಯಾ? ನನ್ ಮಾತಿಗೆ ಕೇಳ್ದೇ ಇರೋಳು ಆಷಾಢ ಅಂದ್ರಾದ್ರೂ ಕೇಳ್ತಾಳೆ, ಒಂದ್ ತಿಂಗ್ಳು ಕಣ್ಣ್ ಮುಚ್ತಾಳೆ ಅಂತ ಅಂದೆ. ಕೊನೇ ದಿನ ಐತೆ ಅಂತ ನಂಗೇನ್ ಗೊತ್ತು? ಹೇಳ್ಬಾರ್ದಾ?"

ಸೊಸೆಗೆ ನಿದ್ದೆ ಬರಲಿ ಎಂದು ಅತ್ತೆ ಆಷಾಢವನ್ನು ನೆಪ ಮಾಡಿದ್ದರು. ಅತ್ತೆಯ ಮನಸ್ಸು ನೋಯದಿರಲಿ ಎಂದು ಸೊಸೆ ಇನ್ನಷ್ಟು ನಿದ್ದೆಗೆಟ್ಟಿದ್ದಳು. ಇಬ್ಬರ ನಡುವೆ ಸಿಕ್ಕಿಕೊಂಡ ತಂತ್ರಾಂಶ ಬಾಯಿ ಮುಚ್ಚಿಕೊಂಡಿದ್ದರಲ್ಲಿ ಅದರ ತಪ್ಪೇನೂ ಇರಲಿಲ್ಲ.

"ಮಾಡು, ಮಾಡು. ಇವತ್ತಿನ್ ದಿನಾನೇ ಹಾಕು," ಎಂದರು ಅತ್ತೆ.

ಲ್ಯಾಪ್‌ಟಾಪನ್ನು ಆಷಾಢಕ್ಕೆ ವಾಪಸು ತಂದೆವು. ಹುಡುಗಿ ಪಿಡಿಎಫ್ ಮಾಡಿ, ಇಂಟರ್ನೆಟ್ ಜೋಡಿಸಿ, ವಿಶ್ವವಿದ್ಯಾಲಯದ ತಾಣದಲ್ಲಿ ತನ್ನ ಕೈಯಾರೆ ಗುಂಡಿ ಒತ್ತಿದಳು. ನಮ್ಮ ಕಾಲೇಜಿನ ಇಂಟರ್ನೆಟ್ಟಿನ ಹಣೆಬರಹ ಗೊತ್ತೇ ಇದೆ, ಹಸಿರು ಪಟ್ಟಿ ಒಂದೊಂದೇ ಕೂದಲೆಳೆಯಷ್ಟು ಮುಂದಕ್ಕೆ ಹೋಗತೊಡಗಿತು. ನಾನು ಅದರ ಮೇಲೆ ಕಣ್ಣಿಟ್ಟು ಕೂತೆ. ನಡುವೆ ನಿಂತರೆ ಬೈಯಲು ತಯಾರಾಗಿದ್ದೆ. ನಿಲ್ಲಲಿಲ್ಲ. ಕೊನೆಗೆ ಪಟ್ಟಿ ತುಂಬಿ, 'ನಿಮ್ಮ ಪ್ರಬಂಧ ಸ್ವೀಕೃತವಾಗಿದೆ' ಎಂಬ ಸಾಲು ಬಂತು.

"ನೋಡೇ, ಆಯ್ತು!" ಎಂದು ತಿರುಗಿದೆ.

ಅವಳು ಅತ್ತೆಯ ಭುಜಕ್ಕೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು.

ಅತ್ತೆ ತುಟಿಯ ಮೇಲೆ ಬೆರಳಿಟ್ಟು, "ಏನ್ ಬಂದೈತೆ ಅಲ್ಲಿ? ನಂಗೆ ಓದಿ ಹೇಳಿ, ಮೆತ್ತಗೆ," ಎಂದರು. ಓದಿ ಹೇಳಿದೆ. ಅವರು ಇನ್ನೊಂದು ಸಲ ಓದಿಸಿಕೊಂಡರು.

"ನಾಳೆ ಶ್ರೀನಿವಾಸಪುರದ ಬಸ್ ಹತ್ತಿಸ್ತೀನಿ. ಆಷಾಢ ಮುಗಿಯಾಗಂಟ ತವರಲ್ಲಿ ಮಲ್ಕೊಂಡಿರ್ಲಿ. ಹುಳ ನಾನ್ ನೋಡ್ಕೊಂತೀನಿ," ಎಂದರು. ಸೊಸೆಯ ತಲೆ ಜಾರದಂತೆ ಭುಜವನ್ನು ಸ್ವಲ್ಪ ಎತ್ತರಿಸಿಕೊಂಡರು.

ಗ್ರಂಥಾಲಯ ಮುಚ್ಚುವ ಹೊತ್ತಾಗಿತ್ತು. ಗಂಟೆ ಬಾರಿಸಬೇಕಾದವಳು ನಾನು. ಹುಡುಗರ ಮೇಜುಗಳ ಹತ್ತಿರ ಹೋಗಿ ಒಬ್ಬೊಬ್ಬರಿಗೂ ಕೈಸನ್ನೆಯಲ್ಲೇ ಹೊರಡಲು ಹೇಳಿದೆ. ಅವರಿಬ್ಬರ ಮೇಲಿನ ಫ್ಯಾನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ ಬಂದು, ಅವಳಿಗೆ ಎಚ್ಚರವಾಗುವವರೆಗೆ ಕಾಯೋಣವೆಂದು ನನ್ನ ಕುರ್ಚಿಯಲ್ಲಿ ಕೂತೆ.